ಚಿಂತಾಮಣಿಯ ಲೆನ್ಸಿಗೆ ಬೂಷ್ಟು ಹಿಡಿದಿರಲಿಲ್ಲ

ಆ ಲೆನ್ಸಿಗೆ ಬೂಷ್ಟು ಹಿಡಿದಿರಲಿಲ್ಲ, ಸೀನ. ಒಂದು ಚುಕ್ಕಿಯೂ ಇರಲಿಲ್ಲ. ಮೊಬೈಲ್ ಟಾರ್ಚು ಬಿಟ್ಟು ಒಳಗೆ ನೋಡಿದೆನಲ್ಲ, ಗಾಜು ತೊಳೆದಿಟ್ಟ ಹಾಗಿತ್ತು. ಗೋಡೆಯ ಕ್ಯಾಲೆಂಡರಿನ ದೇವರು ತಲೆಕೆಳಗಾಗಿ ಕಂಡ, ಆದರೆ ಕಿರೀಟದ ಮಣಿಗಳನ್ನು ಎಣಿಸಬಹುದಿತ್ತು. ಅದನ್ನೆಲ್ಲ ನೋಡಿಕೊಂಡೇ ನಾನು ನಿನ್ನ ಕಿವಿಯ ಹತ್ತಿರ ಬಂದು ಸುಳ್ಳು ಹೇಳಿದೆ. ಒಂಬತ್ತು ವರ್ಷವಾಯಿತು. ಫೋನಿನಲ್ಲಿ ಹೇಳಲು ನಾಲಿಗೆ ಏಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಯಾಕೆ ಹೇಳಿದೆ ಎಂದರೆ — ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಶಿಡ್ಲಘಟ್ಟದಲ್ಲಿ ಸ್ಟುಡಿಯೋ ಇಟ್ಟುಕೊಂಡು ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದವನು. ನೀನು ಸಾದಲಿಯಲ್ಲಿ ರೇಷ್ಮೆಹುಳು ಸಾಕುತ್ತಿದ್ದವನು. ಕಛೇರಿ, ಆರ್ಕೆಸ್ಟ್ರಾ, ಭಜನೆ, ಎಲ್ಲಿ ಹಾಡಿದರೂ ಹೋಗಿ ಫೋಟೋ ತೆಗೆಯಬೇಕು ಎಂಬ ಹುಚ್ಚು ಇಬ್ಬರಿಗೂ ಒಟ್ಟಿಗೇ ಹಿಡಿಯಿತು. ಮೊದಲ ಸಲ ಗಣೇಶನ ಹಬ್ಬದ ಆರ್ಕೆಸ್ಟ್ರಾಗೆ ಹೋದದ್ದು ನೆನಪಿದೆಯಾ? ಕೆಂಪು ಲೈಟಿನಲ್ಲಿ ನಾನು ತೆಗೆದ ಗಾಯಕರ ಮುಖಗಳೆಲ್ಲ ಮಂಡಿಗೆ ಬಂದ ಟೊಮ್ಯಾಟೊ ಥರ ಬಂದಿದ್ದವು. ನೀನು ಮಾತ್ರ ವೇದಿಕೆಯ ಕಡೆ ತಿರುಗಿಯೂ ನೋಡದೆ, ಪರದೆಯ ಪಕ್ಕ ಕೂತಿದ್ದ ಡ್ರಮ್ಮಿನವನ ಹೆಂಡತಿಯನ್ನು ತೆಗೆದಿದ್ದೆ. ಆಕೆ ಮಡಿಲಿನ ಮಗುವಿನ ಬೆನ್ನ ಮೇಲೆ ಗಂಡನ ತಾಳ ಹಾಕುತ್ತಿದ್ದಳು. ಆ ಫೋಟೋ ನೋಡಿ ನಾನು, "ಪರವಾಗಿಲ್ಲ ಕಣೋ, ಸ್ವಲ್ಪ ಶೇಕ್ ಆಗೈತೆ" ಎಂದೆ. ಮನೆಗೆ ಹೋಗಿ ಊಟ ಸೇರಲಿಲ್ಲ. ಹೊಟ್ಟೆಕಿಚ್ಚು ಅಂದರೆ ನಿಜವಾಗಿಯೂ ಹೊಟ್ಟೆಯಲ್ಲೇ ಇರುತ್ತದೆ ಅಂತ ಅವತ್ತು ಗೊತ್ತಾಯಿತು.

ಆಮೇಲೆ ನಿಮ್ಮಮ್ಮನ ಕಾರ್ಯಕ್ರಮ ಬಂತು. ಮುನಿರತ್ನಮ್ಮ ಮತ್ತು ಅವರ ನಾಲ್ವರು ಗೆಳತಿಯರು ಇಷ್ಟು ವರ್ಷ ನಿಮ್ಮ ಜಗಲಿಯಲ್ಲೇ ತತ್ವಪದ ಹಾಡುತ್ತಿದ್ದವರು. ಅವರನ್ನು ಚಿಕ್ಕಬಳ್ಳಾಪುರದ ದೊಡ್ಡ ಹಾಲಿನಲ್ಲಿ ಹಾಡಲು ಕರೆದಿದ್ದರು. ಅಮ್ಮ ಹಾಡುವಾಗಿನ ಒಂದು ಫೋಟೋ ಕೂಡ ಮನೆಯಲ್ಲಿಲ್ಲ, ಇದನ್ನು ನಾನೇ ತೆಗೆಯಬೇಕು ಎಂದು ನೀನು ಕುಣಿದೆ. ಹಾಲಿನಲ್ಲಿ ಫ್ಲ್ಯಾಶ್ ಹಾಕುವ ಹಾಗಿಲ್ಲ. ನಿನ್ನ ಕ್ಯಾಮೆರಾ ಜೊತೆ ಬಂದಿದ್ದ ಜೂಮ್ ಲೆನ್ಸು ಬಿಸಿಲಿಗೆ ಸರಿ, ಮಂದ ಬೆಳಕಿಗೆ ಕುರುಡು. ಬೇಕಾದದ್ದು ಬಾಯಿ ಅಗಲ ತೆರೆದು ಇದ್ದಷ್ಟು ಬೆಳಕನ್ನೆಲ್ಲ ಕುಡಿಯುವಂಥ ಲೆನ್ಸು. ಅಂಥದ್ದೊಂದು ಚಿಂತಾಮಣಿಯಲ್ಲಿ ಅಂಗಡಿ ಮುಚ್ಚುತ್ತಿದ್ದ ಸ್ಟುಡಿಯೋದವರ ಹತ್ತಿರ ಇದೆಯೆಂದು ಪತ್ತೆ ಮಾಡಿದವನೂ ನೀನೇ. "ಗಂಗ, ನಂಗೆ ಇದೆಲ್ಲ ಗೊತ್ತಾಗಲ್ಲ. ನೀನು ಒಂದ್ಸಲ ನೋಡ್ಬಿಡು, ಹೋಗಣ ಬಾ" ಎಂದೆ.

ನೋಡಿದೆ. ಅಂಗಡಿಯವರು ಟೀ ಹೇಳಲು ಹೊರಗೆ ಹೋಗಿದ್ದರು. ಆ ಲೆನ್ಸನ್ನು ನಿನ್ನ ಕ್ಯಾಮೆರಾಗೆ ಹಾಕಿ ನನ್ನ ಮುಖವನ್ನೇ ಒಂದು ಫೋಟೋ ತೆಗೆದೆ ನೀನು. ಕತ್ತಲೆ ಅಂಗಡಿ, ಆದರೂ ನನ್ನ ರೆಪ್ಪೆಕೂದಲು ಒಂದೊಂದೂ ಎದ್ದು ಕಂಡಿತ್ತು. ಈ ಲೆನ್ಸು ಇವನ ಕೈಗೆ ಹೋದರೆ — ಅಷ್ಟೇ ಯೋಚಿಸಿದ್ದು, ಪೂರ್ತಿ ಕೂಡ ಯೋಚಿಸಲಿಲ್ಲ. ಬಾಯಿ ತಾನಾಗಿಯೇ ತೆರೆಯಿತು.

"ಒಳಗಡೆ ಬೂಷ್ಟು ಐತೆ ಕಣೋ. ಒಂದಕ್ ಬಂದ್ರೆ ಎಲ್ಲಕ್ಕೂ ಹರಡುತ್ತೆ. ಸುಮ್ನೆ ನಡಿ."

ಆ ಎರಡನೆಯ ಮಾತು ಬೇಕಿರಲಿಲ್ಲ. ಸುಳ್ಳಿಗೆ ಸ್ವಲ್ಪ ತೂಕ ಇರಲಿ ಅಂತ ಸೇರಿಸಿದೆ. ಹುಳು ಸಾಕುವ ಮನೆಯವನ ಮುಂದೆ ಅಂಥ ಮಾತು ಆಡಬಾರದು ಎಂಬ ಬುದ್ಧಿ ನನಗೆಲ್ಲಿತ್ತು? ಹುಳುವಿಗೆ ಬೂಷ್ಟು ತಗಲಿದರೆ ಸುಣ್ಣಕಟ್ಟು ರೋಗ, ಬೆಳಗಾಗುವುದರಲ್ಲಿ ತಟ್ಟೆಗಟ್ಟಲೆ ಹುಳು ಬೆಳ್ಳಗೆ ಸೆಟೆದುಕೊಳ್ಳುತ್ತವೆ. ನೀನು ಮುಖ ಬಿಳಿಚಿಕೊಂಡು ಬಸ್ಸಿನಲ್ಲಿ ಕ್ಯಾಮೆರಾ ಬ್ಯಾಗನ್ನು ತೊಡೆಯಿಂದ ಒಂದು ಗೇಣು ದೂರ ಹಿಡಿದುಕೊಂಡು ಕೂತಿದ್ದೆ. ನಾನು ಕಿಟಕಿಯ ಕಡೆ ತಿರುಗಿ ನಗು ತಡೆದುಕೊಂಡೆ.

ಮನೆಯಲ್ಲಿ ಗೂಡು ಕಟ್ಟಲು ನಾಲ್ಕು ದಿನ ಬಾಕಿಯಿದ್ದ ಹುಳು. ನೀನು ವಿಷಯ ಹೇಳಿದ ಕೂಡಲೇ ಅಮ್ಮ ಬಾಗಿಲಿಗೆ ಅಡ್ಡ ನಿಂತರು. "ವದ್ದು ನಾಯನಾ, ಬ್ಯಾಡ! ಆ ಸಾಮಾನು ಹೊಸ್ತಿಲು ದಾಟಬಾರ್ದು!" ನಿನ್ನ ಕ್ಯಾಮೆರಾ ಮೂರು ದಿನ ತಾರಸಿಯ ಮೇಲೆ ಬಿಸಿಲು ಕಾಯಿತು. ಸಾಲದ್ದಕ್ಕೆ ಅಮ್ಮ ಹುಳದ ಮನೆಯ ಸುಣ್ಣದ ಪುಡಿಯನ್ನು ಜರಡಿ ಹಿಡಿದು ಅದರ ಮೇಲೆ ಉದುರಿಸಿದರು, ಮೈಗೆಲ್ಲ ಬೇವಿನ ಸೊಪ್ಪು ಸುತ್ತಿದರು. ನಾನು ಅದನ್ನು ಕಣ್ಣಾರೆ ನೋಡಿದೆ, ಸೀನ. ಒಂದೇ ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಹೇಳಿದ್ದು, "ಅಮ್ಮಾ, ಜೂಮ್ ತಿರುಗ್ಸೋ ಕಡೆ ಸ್ವಲ್ಪ ಕಮ್ಮಿ ಹಾಕಿ" ಅಂತ.

ಅಷ್ಟು ಹೊತ್ತಿಗೆ ಆ ಲೆನ್ಸು ನನ್ನ ಸ್ಟುಡಿಯೋದ ಬೀರುವಿನಲ್ಲಿತ್ತು. ಮಾರನೆಯ ದಿನವೇ ಚಿಂತಾಮಣಿಯ ಮೊದಲ ಬಸ್ಸು ಹತ್ತಿ ಹೋಗಿ ಅದನ್ನು ಕೊಂಡು ತಂದಿದ್ದೆ. ನಿನಗೆ ಗುರುತು ಸಿಗಬಾರದೆಂದು ಮೇಲೆ ಕರೀ ಟೇಪು ಸುತ್ತಿ, "ನಮ್ ಭಾವಂದು, ಬೆಂಗಳೂರಿಂದ ಕೊಟ್ಟವ್ರೆ" ಎಂದೆ. ನಮ್ಮ ಭಾವನಿಗೆ ಕ್ಯಾಮೆರಾದ ಹಿಂದು ಮುಂದು ಕೂಡ ಗೊತ್ತಿಲ್ಲ. ನೀನೋ, ಆಮೇಲೆ ಎಷ್ಟೋ ವರ್ಷ ಸಿಕ್ಕಾಗಲೆಲ್ಲ ಆ ಉದಾರ ಭಾವನ ಆರೋಗ್ಯ ವಿಚಾರಿಸಿದೆ.

ಕಾರ್ಯಕ್ರಮದ ಸಂಜೆ ನಾವಿಬ್ಬರೂ ವೇದಿಕೆಯ ಕೆಳಗೆ ಕೂತಿದ್ದೆವು. ಅಮ್ಮ ಕಣ್ಣು ಮುಚ್ಚಿ ಪದ ಎತ್ತಿಕೊಂಡರು. ಹಾಲಿಗೆ ಹಾಲೇ ನಿಶ್ಶಬ್ದ. ಆಗ ನೀನು ಜೂಮ್ ತಿರುಗಿಸಿದೆ. ಕರಕರಕರ! ಸುಣ್ಣ ತಿಂದ ಲೆನ್ಸು ಅದು, ಇನ್ನೇನು ಮಾಡೀತು? ಎರಡನೆಯ ಸಲ ತಿರುಗಿಸಿದಾಗ ಅಮ್ಮ ಹಾಡು ನಿಲ್ಲಿಸಿ, ಮೈಕಿನಲ್ಲೇ ಕೇಳಿಬಿಟ್ಟರು:

"ಏನೋ ಸೀನಪ್ಪ ಅದು, ಹುಳು ಸೊಪ್ಪು ತಿಂದಂಗೆ ಸದ್ದು?"

ಹಾಲು ಗೊಳ್ಳೆಂದಿತು. ನಾನೂ ನಕ್ಕೆ. ಎಲ್ಲರಿಗಿಂತ ಒಂದು ಕೈ ಮೇಲೆಯೇ ನಕ್ಕೆ. ನೀನು ಬ್ಯಾಗು ಅವುಚಿಕೊಂಡು ಕೊನೆಯ ಸಾಲಿಗೆ ಹೋದೆ, ಅಲ್ಲಿಂದ ತೆಗೆದದ್ದರಲ್ಲಿ ಐದು ಹೆಂಗಸರ ಬದಲು ಐದು ಗೋಣಿಚೀಲ ಬಂದಿದ್ದವು. ನನ್ನ ಕ್ಯಾಮೆರಾದಲ್ಲಿ ಅಮ್ಮ ಕಣ್ಣು ಮುಚ್ಚಿ, ತಾಳ ಹಿಡಿದ ಕೈ ಎತ್ತಿ, ಮೂಗುಬೊಟ್ಟಿನ ಮೇಲೆ ಒಂದು ಚೂರು ಬೆಳಕು. ನಾನು ಈವರೆಗೆ ತೆಗೆದದ್ದರಲ್ಲಿ ಅದಕ್ಕಿಂತ ಒಳ್ಳೆಯ ಫೋಟೋ ಇಲ್ಲ. ಆದರೆ ಅಮ್ಮ ಕೈ ಎತ್ತುವ ಗಳಿಗೆ ಯಾವುದು ಅಂತ ಬಸ್ಸಿನಲ್ಲಿ ನೀನೇ ಹೇಳಿದ್ದೆ, "ಪದದ ಮೂರನೇ ಸಾಲಿಗೆ ಎತ್ತುತ್ತಾಳೆ, ಅಲ್ಲೇ ಹೊಡೀಬೇಕು" ಅಂತ. ನಾನು ಅಲ್ಲೇ ಹೊಡೆದೆ.

ಅದಕ್ಕೆ ಕಟ್ಟು ಹಾಕಿಸಿ, ಮೂಲೆಯಲ್ಲಿ ನನ್ನ ಸ್ಟುಡಿಯೋ ಹೆಸರನ್ನು ಚಿನ್ನದ ಬಣ್ಣದಲ್ಲಿ ಅಮ್ಮನ ಗಲ್ಲದಷ್ಟು ದೊಡ್ಡದಾಗಿ ಬರೆಸಿ ತಂದುಕೊಟ್ಟೆ. ಅಮ್ಮ ಅತ್ತುಬಿಟ್ಟರು. ಅವತ್ತಿನಿಂದ ನಿಮ್ಮ ಮನೆಗೆ ಬಂದರೆ ಮೊದಲ ಒಬ್ಬಟ್ಟು ನನಗೆ, ಎರಡನೆಯದು ದೇವರಿಗೆ. ಪ್ರತಿ ಸಲವೂ ತಿನ್ನುತ್ತೇನೆ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಬರೆದರೆ ಅದೂ ಸುಳ್ಳು, ಚೆನ್ನಾಗಿಯೇ ಇಳಿಯುತ್ತದೆ. ಹಿಂತಿರುಗುವಾಗ ಗಾಡಿಯ ಮೇಲೆ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ, ಶಿಡ್ಲಘಟ್ಟ ಬರುವ ಹೊತ್ತಿಗೆ ಅದೂ ನಿಂತಿರುತ್ತದೆ.

ಫೋಟೋ ಗೋಡೆಗೆ ಏರಿದ ದಿನ ನೀನು ಮೊಳೆ ಹೊಡೆಯುತ್ತ ಹೇಳಿದ ಮಾತು ಮಾತ್ರ ನಿಲ್ಲುವುದಿಲ್ಲ. "ಲೆನ್ಸು ಗಿನ್ಸು ಏನಿಲ್ಲ ಬಿಡೋ ಗಂಗ. ನಂಗೆ ಆ ಕಣ್ಣೇ ಇಲ್ಲ. ನಿಂಗೈತೆ." ಅಷ್ಟು ಹೇಳಿ, ಮರುವಾರ ಕ್ಯಾಮೆರಾ ಮಾರಿದೆ. ನಾನು ಬೇಡ ಅನ್ನಲಿಲ್ಲ. ಕೊಳ್ಳುವವನನ್ನು ಹುಡುಕಿಕೊಟ್ಟೆ. ಲೆನ್ಸು ಕದ್ದದ್ದಕ್ಕೆ ಏನಾದರೂ ಒಂದು ಹೆಸರಿದೆ, ಹೊಟ್ಟೆಕಿಚ್ಚು ಅನ್ನು, ದುರಾಸೆ ಅನ್ನು. ನೀನು ನಿನ್ನ ಬಗ್ಗೆ ಅಂಥ ಮಾತು ನಂಬಿಕೊಳ್ಳುವುದನ್ನು ಪಕ್ಕದಲ್ಲಿ ನಿಂತು, ಮೊಳೆ ಎತ್ತಿಕೊಡುತ್ತ ನೋಡಿದೆನಲ್ಲ, ಅದಕ್ಕೆ ಏನು ಹೆಸರು? ನನಗಿನ್ನೂ ಸಿಕ್ಕಿಲ್ಲ.

ಈಗಲೂ ಬಾಯಿ ಬಿಡುತ್ತಿದ್ದೆನೋ ಇಲ್ಲವೋ. ಮೊನ್ನೆ ನೀನು ಫೋನು ಮಾಡಿದೆಯಲ್ಲ, ಅದಕ್ಕೇ ಬರೆಯಲು ಕೂತದ್ದು. ನಿನ್ನ ಮಗಳು ಹರ್ಷಿತಾ ಚಿಕ್ಕಬಳ್ಳಾಪುರದಲ್ಲಿ ಪಿಯುಸಿಗೆ ಸೇರಿದ್ದಾಳೆ, ಕಾಲೇಜಿನ ಹುಡುಗರ ಬ್ಯಾಂಡಿನ ಫೋಟೋ ತೆಗೆಯಬೇಕಂತೆ, ಕ್ಯಾಮೆರಾ ಕೊಡಿಸು ಅಂತ ಪ್ರಾಣ ತಿನ್ನುತ್ತಿದ್ದಾಳೆ ಎಂದೆ. ಯಾವ ಬಾಡಿ, ಯಾವ ಲೆನ್ಸು, ನೀನೇ ನೋಡಿ ಹೇಳು, ನಿನ್ನ ಬಿಟ್ಟು ಬೇರೆ ಯಾರ ಮಾತೂ ಕೇಳಲ್ಲ ಎಂದೆ. ನೀನು ನಗುತ್ತ ಇನ್ನೊಂದು ಸೇರಿಸಿದೆ:

"ಬ್ಯಾಡಮ್ಮ, ನಮ್ ಮನೇಲಿ ಯಾರ್ಗೂ ಆ ಕಣ್ಣಿಲ್ಲ, ರಕ್ತದಲ್ಲೇ ಇಲ್ಲ ಅಂತ ಹೇಳ್ದೆ ಕಣೋ. ಕೇಳ್ತಾನೇ ಇಲ್ಲ. ಅಳ್ತಾಳೆ."

ಫೋನು ಇಟ್ಟ ಮೇಲೆ ಬಂದ ಗಿರಾಕಿಯ ಪಾಸ್‌ಪೋರ್ಟ್ ಫೋಟೋ ಮೂರು ಸಲ ಅಲುಗಿತು. ನಿನಗೆ ಹೇಳಿದ ಸುಳ್ಳು ನಿನ್ನಲ್ಲೇ ಮುಗಿಯಿತು ಅಂದುಕೊಂಡಿದ್ದೆ. ಅದು ಆ ಹುಡುಗಿಯವರೆಗೂ ಹೋಗುತ್ತದೆ ಎಂದು ಕನಸಿನಲ್ಲೂ — ಇರಲಿ. ಅಂದುಕೊಂಡಿರಲಿಲ್ಲ ಅನ್ನುವುದು ಸಬೂಬು. ಸಬೂಬು ಹೇಳುವುದಿಲ್ಲ ಎಂದುಕೊಂಡೇ ಬರೆಯಲು ಶುರು ಮಾಡಿದ್ದು.

ಭಾನುವಾರ ಸಾದಲಿಗೆ ಬರುತ್ತೇನೆ. ಈ ಕಾಗದ ಅದಕ್ಕೆ ಮುಂಚೆ ನಿನ್ನ ಕೈ ಸೇರಿರುತ್ತದೆ. ಬಾಗಿಲಲ್ಲೇ ನಿಲ್ಲಿಸಿ ಬೈಯಬೇಕು ಅನ್ನಿಸಿದರೆ ಬೈ, ಅಮ್ಮನಿಗೂ ನೀನೇ ಓದಿ ಹೇಳು, ಅವರ ಬಾಯಿಗೆ ಬಂದದ್ದನ್ನೂ ಕೇಳುತ್ತೇನೆ. ಆಮೇಲೆ ಒಂದು ಗಳಿಗೆ ಹರ್ಷಿತಾಳನ್ನು ಹೊರಗೆ ಕರಿ. ಕ್ಯಾಮೆರಾ ಯಾವುದು ಎಂದು ಹೇಳಲು ಅಲ್ಲ, ಅದನ್ನು ನೀನೇ ಆರಿಸು. ಅವಳಿಗೆ ನಾನು ಹೇಳಬೇಕಾದದ್ದು ಇಷ್ಟೇ: "ನಿಮ್ಮಪ್ಪಂಗೆ ಕಣ್ಣಿತ್ತು ಕಣಮ್ಮ. ನಂಗಿಂತ ಚೆನ್ನಾಗಿತ್ತು. ಅದು ನಂಗೆ ಅವತ್ತೇ ಗೊತ್ತಿತ್ತು."