ಫಿರಂಗಿ ಸಾಹೇಬರು

ಭರತಪುರದ ಪಕ್ಷಿಧಾಮದ ಏರಿಯ ಮೇಲೆ ಸೈಕಲ್ ರಿಕ್ಷಾವೊಂದು ಫಿರಂಗಿ ಹೊತ್ತು ಬರುತ್ತಿದೆಯೆಂದರೆ, ಅದು ಖಂಡೇಲವಾಲ್ ಸಾಹೇಬರ ದಂಡಯಾತ್ರೆಯೆಂದು ಕೊಕ್ಕರೆಗಳಿಗೂ ಗೊತ್ತಿತ್ತು. ಫಿರಂಗಿ ಎಂದರೆ ಅವರ ಭಾರೀ ಜೂಮ್ ಲೆನ್ಸು; ಆಚೆ ದಡದ ಬಾತುಕೋಳಿಯ ಕೊಕ್ಕಿನಿಂದ ಜಾರುವ ನೀರಹನಿಯನ್ನೂ ಅದು ಬಿಡುತ್ತಿರಲಿಲ್ಲ. ವೈಡ್ ಲೆನ್ಸ್ ಹಿಡಿದವರನ್ನು ಕಂಡರೆ ಸಾಹೇಬರಿಗೆ ಕನಿಕರ: "ಅದು ಮದುವೆಮನೇಲಿ ಬೀಗರನ್ನೆಲ್ಲ ಒಟ್ಟಿಗೆ ಹಿಡಿಯೋಕೆ ಕಣಯ್ಯಾ, ಹಕ್ಕಿಗಲ್ಲ!" ಇಪ್ಪತ್ತು ಚಳಿಗಾಲ ಹೆಂಡತಿ ಬಿಮಲಾ ಪಕ್ಕದಲ್ಲೇ ಕೂತು ಸ್ವೆಟರ್ ಹೆಣೆಯುತ್ತ, ಮೆಂತ್ಯದ ಪೂರಿಯ ಡಬ್ಬಿ ಬಿಚ್ಚುತ್ತ, "ನಂದೂ ಒಂದು ತೆಗೀರೀ" ಎನ್ನುತ್ತಿದ್ದರು. "ಈ ಲೆನ್ಸಿಗೆ ಹದಿನೈದು ಅಡಿಯೊಳಗಿನದು ಕಾಣಲ್ಲ ಕಣೇ. ಆ ಜಾಲಿಮರದ ಹತ್ರ ಹೋಗಿ ನಿಲ್ಲು." "ನಾನಲ್ಲಿ ನಿಂತರೆ ನಿಮಗೆ ಉಪ್ಪಿನಕಾಯಿ ಬಡಿಸೋರು ಯಾರು, ಕೊಕ್ಕರೇನಾ?" ಇಬ್ಬರೂ ನಗುತ್ತಿದ್ದರು, ಅಷ್ಟರಲ್ಲಿ ಯಾವುದಾದರೂ ಹಕ್ಕಿ ಹಾರುತ್ತಿತ್ತು. ಕಳೆದ ಮಳೆಗಾಲದಲ್ಲಿ ಬಿಮಲಾ ತೀರಿಕೊಂಡಾಗ, ಹಾರ ಹಾಕಲು ಪಟ ಬೇಕೆಂದು ಮಗಳು ಅಪ್ಪನ ನಲವತ್ತು ಸಾವಿರ ಚಿತ್ರಗಳನ್ನು ಜಾಲಾಡಿದಳು. ಒಂದರಲ್ಲೂ ಅಮ್ಮ ಇರಲಿಲ್ಲ. ಕೊನೆಗೆ ಆಧಾರ್ ಕಾರ್ಡಿನ ಮುಖವನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದರು. ಈ ಚಳಿಗಾಲ ಸಾಹೇಬರು ವೈಡ್ ಲೆನ್ಸ್ ಹಿಡಿದು ಬಂದಿದ್ದಾರೆ. ರಿಕ್ಷಾ ತುಳಿಯುವ ಸರ್ದಾರ್ ಗುರ್‌ಮುಖ್ ಕ್ಯಾಮೆರಾದೊಳಗೆ ಇಣುಕಿ ಕೆಣಕಿದ: "ಏನ್ ಬಾವೂಜಿ, ಆಳೆತ್ತರದ ಸಾರಸ ಸಾಸಿವೆಕಾಳಾಗಿದೆಯಲ್ಲ!" "ಆಗಲಿ ಬಿಡಪ್ಪಾ. ಇದಕ್ಕೆ ಒಂದು ಗೇಣು ಹತ್ತಿರ ಕೂತವರೂ ಕಾಣ್ತಾರಂತೆ" ಎಂದು ಸಾಹೇಬರು ಲೆನ್ಸನ್ನು ಪಕ್ಕದ ಖಾಲಿ ಜಾಗದತ್ತ ತಿರುಗಿಸಿದರು; ಹಕ್ಕಿಗಳೆಲ್ಲ ಎದುರಿಗಿದ್ದವು.