ಗ್ರಹಣಕ್ಕೆ ಸಿಕ್ಕ ಫಿಲ್ಮು

ತೊಂಬತ್ತರ ದಶಕದಲ್ಲಿ ನನ್ನ ಅತ್ತೆಗೆ ಶಿವಾಜಿನಗರದಲ್ಲಿ ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ, ಮಾಡಿಸಿದೆ. ಅಲ್ಲಿನ ಕ್ಯಾಲೆಂಡರಿನ ವೆಂಕಟರಮಣನನ್ನು ಗೋಡೆಯತ್ತ ತಿರುಗಿಸಿ ಹಾಕುವವರೆಗೂ ಅವರು ಸೆರಗು ಸಡಿಲಿಸಲಿಲ್ಲ. ಪುಣ್ಯಕ್ಕೆ ಗಂಟುಗಿಂಟು ಏನೂ ಇರಲಿಲ್ಲ. ದೊಡ್ಡ ಕವರಿನಲ್ಲಿ ಬಂದ ಕಪ್ಪು ಫಿಲ್ಮನ್ನು ಬೀರುವಿನ ಮೇಲಿಟ್ಟೆವು.

ಆಮೇಲೊಮ್ಮೆ ಸೂರ್ಯಗ್ರಹಣ ಬಂತು. ಹಲಸೂರಿನ ನಮ್ಮ ವಠಾರದವರು ಗ್ರಹಣ ನೋಡುತ್ತಿದ್ದುದೇ ಎಕ್ಸ್‌ರೇ ಫಿಲ್ಮಿನಲ್ಲಿ. ಅದು ಕಣ್ಣಿಗೆ ಕೆಟ್ಟದ್ದೆಂದು ಯಾರಿಗೂ ಗೊತ್ತಿರಲಿಲ್ಲ. ಮನೆ ಓನರ್ ಕೇಳಿದರೆಂದು ನಾನು, ಬುದ್ಧಿಗೇಡಿ, ಕವರು ಬಿಚ್ಚಿ ಕೊಟ್ಟುಬಿಟ್ಟೆ. ಅತ್ತೆ ಹೊರಗೆ ಬರುವಷ್ಟರಲ್ಲಿ ಅದು ಹತ್ತು ಕೈ ದಾಟಿತ್ತು.

"ಇದು ಯಾವ ಜಾಗದ್ದಮ್ಮ?" ಎಂದರು ಓನರ್, ಫಿಲ್ಮನ್ನು ಸೂರ್ಯನಿಗೆ ಹಿಡಿದುಕೊಂಡೇ.

"ಮಂಡೀದು," ಎಂದರು ಅತ್ತೆ.

ಅಂದಿನಿಂದ ಓನರ್ ಕಂಡಾಗಲೆಲ್ಲ ಅತ್ತೆ ಕುಂಟಬೇಕಾಯಿತು. ವರ್ಷಗಟ್ಟಲೆ ಕುಂಟಿದರು. ಓನರ್ ಕನಿಕರದಿಂದ ತಂದುಕೊಟ್ಟ ನೋವಿನೆಣ್ಣೆಯನ್ನು, ವಾಸನೆಯಾದರೂ ಬರಲೆಂದು, ನಾನೇ ತಿಕ್ಕಬೇಕಿತ್ತು. ನನಗದೇ ಶಿಕ್ಷೆ.

ಎರಡು ಸಾವಿರ ಇಸವಿ ದಾಟಿದ ಮೇಲೆ ಇಂದಿರಾನಗರದಲ್ಲಿ ಡಿಜಿಟಲ್ ಮಿಷಿನ್ನಿನಲ್ಲಿ ಅತ್ತೆಗೆ ಮತ್ತೆ ಅದೇ ಪರೀಕ್ಷೆಯಾಯಿತು. ಎದೆಯನ್ನು ಅದುಮಿ ಒತ್ತುವುದರಲ್ಲಿ ಅದು ಹಳೆಯದಕ್ಕೇನೂ ಕಮ್ಮಿಯಿರಲಿಲ್ಲ. ಚಿತ್ರ ಮಾತ್ರ ಆಗಲೇ ಕಂಪ್ಯೂಟರಿನಲ್ಲಿ ಮೂಡಿತು.

"ಫಿಲ್ಮ್ ಕೊಡಲ್ಲಮ್ಮ, ಎಲ್ಲಾ ಇದರೊಳಗೇ ಇರುತ್ತೆ," ಎಂದಳು ಟೆಕ್ನಿಷಿಯನ್.

"ಹಂಗಾದ್ರೆ ಯಾರ ಕೈಗೂ ಸಿಗಲ್ಲ ತಾನೆ?" ಅತ್ತೆ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಆಸ್ಪತ್ರೆಯ ಚೀಟಿ ಹಿಡಿದು ಮನೆಗೆ ಬಂದಾಗ ಓನರ್ ಗೇಟಿನಲ್ಲೇ ನಿಂತಿದ್ದರು. ಅತ್ತೆ ಅವರೆದುರೇ ದಾಪುಗಾಲು ಹಾಕಿ, ಸರಸರನೆ ಮೆಟ್ಟಿಲು ಹತ್ತಿ ಹೋದರು.

ಓನರ್ ಬಾಯಿಬಿಟ್ಟುಕೊಂಡು ನೋಡಿದರು. ಆಮೇಲೆ ನನ್ನ ಕೈಯ ಚೀಟಿಯತ್ತ ಬಗ್ಗಿದರು.

"ಯಾವ ಆಸ್ಪತ್ರೆ ಹೇಳಮ್ಮ, ನಮ್ಮನೆಯವಳಿಗೂ ಮಂಡಿನೋವು. ನಾಳೇನೇ ಕರ್ಕೊಂಡ್ ಹೋಗ್ತೀನಿ."