ನಡುಮನೆಯ ಕೊಕ್ಕೆ

ಬೆಂಗಳೂರಿನವರು ಫ್ಯಾನ್ ಕೊಳ್ಳಲು ನಾಚಿಕೊಳ್ಳುತ್ತಿದ್ದ ಕಾಲವೊಂದಿತ್ತು ಅಂದರೆ ನನ್ನ ಮಕ್ಕಳು ನಂಬುವುದಿಲ್ಲ. ನಮ್ಮಪ್ಪ ಆ ಕಾಲದವರು. ಫ್ಯಾನ್ ಏನಿದ್ದರೂ ಮದ್ರಾಸಿನವರಿಗೆ, ಬಳ್ಳಾರಿಯವರಿಗೆ, ನಮಗೆ ಕಿಟಕಿ ಸಾಕು ಎಂಬುದು ಅವರ ಸಿದ್ಧಾಂತ. ಆಗ ನಾವು ಜರಗನಹಳ್ಳಿಯಲ್ಲಿ ಪಿಳ್ಳಮ್ಮನವರ ಮನೆಯಲ್ಲಿ ಬಾಡಿಗೆಗಿದ್ದೆವು. ಹೊಲಗಳೆಲ್ಲ ಸೈಟುಗಳಾದ ಮೇಲೆ ಅವರು ಹಿತ್ತಲಲ್ಲಿ ಮಹಡಿ ಮನೆ ಕಟ್ಟಿಕೊಂಡು, ತಾವು ಬಾಳಿದ ಹಳೆಯ ಮನೆಯನ್ನು ನಮಗೆ ಕೊಟ್ಟಿದ್ದರು.

ನಾನು ಐದನೇ ಕ್ಲಾಸು ಮುಗಿಸಿದ ಆ ಬೇಸಿಗೆಯಲ್ಲಿ ನನ್ನ ಬೆನ್ನ ತುಂಬ ಬೆವರುಸಾಲೆ. ಅಮ್ಮ ಗಂಧ ತೇದು ಹಚ್ಚುವಳು, ಅದು ಒಣಗಿ ಉದುರುವುದು, ನಾನು ಗೋಡೆಗೆ ಬೆನ್ನುಜ್ಜುವುದು. ಫ್ಯಾನ್ ಬೇಕೇ ಬೇಕು ಎಂದು ಉಪವಾಸ ಕೂತೆ. ಸಂಜೆ ಅಮ್ಮ ಮಾವಿನಕಾಯಿ ಚಿತ್ರಾನ್ನ ಮಾಡಿದ್ದರಿಂದ ಉಪವಾಸ ಮುಂದುವರಿಸಲಾಗಲಿಲ್ಲ. ಅಷ್ಟರಲ್ಲಿ ಅಪ್ಪನೂ ಸೋತಿದ್ದರು.

ಮುಂದಿನ ಕೋಣೆಗೂ ಅಡುಗೆಮನೆಗೂ ಶೀಟಿನ ಸೂರು. ನಡುಮನೆಗೆ ಮಾತ್ರ ಮೋಲ್ಡು, ಅದರ ನಟ್ಟನಡುವೆ ಹೆಬ್ಬೆರಳು ದಪ್ಪದ ಕಬ್ಬಿಣದ ಕೊಕ್ಕೆ. ಎಲೆಕ್ಟ್ರಿಷಿಯನ್ ತಲೆಯೆತ್ತಿ ನೋಡಿ, ಕೊಕ್ಕೆ ರೆಡಿ ಇದೆ, ಅರ್ಧ ಗಂಟೆ ಕೆಲಸ ಎಂದ. ಅಮ್ಮ ಮೂರು ರೆಕ್ಕೆಗೂ ಕುಂಕುಮ ಇಟ್ಟಳು. ಸ್ವಿಚ್ ಹಾಕಿದ ಮೊದಲ ಸುತ್ತಿಗೇ ಅದು ಅಪ್ಪನ ಬಿಳಿ ಬನಿಯನ್ನಿನ ಮೇಲೆ ಪ್ರೋಕ್ಷಣೆಯಾಯಿತು. ಕ್ಯಾಲೆಂಡರು ಹಾರಿತು, ದೇವರ ದೀಪ ಆರಿತು. ಕಿಟಕಿ ಸಾಕು ಎಂದಿದ್ದ ಅಪ್ಪ ಸರಿಯಾಗಿ ಫ್ಯಾನಿನ ಕೆಳಗೇ ಚಾಪೆ ಹಾಸಿ ಮಲಗಿದವರು ಕಾಫಿ ಹೊತ್ತಿಗೂ ಏಳಲಿಲ್ಲ.

ಪಿಳ್ಳಮ್ಮ ಪ್ರತಿ ಸಂಜೆ ಕರಿಬೇವು ಹಿಡಿದು ಬಂದು, ಹೊಸ್ತಿಲ ಮೇಲೆ ಕೂತು ಒಂದು ಗಂಟೆ ಮಾತಾಡುವವರು. ಅವತ್ತು ಒಳಗೆ ಬಂದು ಮೇಲೆ ನೋಡಿದರು. ಗಾಳಿ ಚೆನ್ನಾಗೈತೆ ಅಂದು, ಕೂರದೆ ಹೊರಟುಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಒಗ್ಗರಣೆಗೆ ಕರಿಬೇವಿಲ್ಲದೆ ಅಮ್ಮನಿಗೆ ಅನುಮಾನ ಬಂದು ತಾನೇ ಹೋಗಿ ವಿಚಾರಿಸಿದಳು.

ಅದು ಫ್ಯಾನಿನ ಕೊಕ್ಕೆಯಲ್ಲ, ತೊಟ್ಟಿಲ ಕೊಕ್ಕೆ. ಮೋಲ್ಡು ಹಾಕುವಾಗ ಪಿಳ್ಳಮ್ಮನ ಗಂಡ ಕಮ್ಮಾರನ ಮುಂದೆ ಕೂತು ಮಾಡಿಸಿದ್ದು. ಅವರ ನಾಲ್ಕು ಮಕ್ಕಳೂ ಅಲ್ಲೇ ತೂಗಿದವರು. ಈಗ ದೊಡ್ಡ ಮಗಳು ಗೌರಿ, ಮದುವೆಯಾಗಿ ಎಂಟು ವರ್ಷಕ್ಕೆ ಬಸುರಾಗಿ, ಹೆರಿಗೆಗೆ ಬರುವವಳಿದ್ದಳು. ಹೊಸ ಮನೆಯಲ್ಲಿ ಕೊಕ್ಕೆಗಳಿದ್ದರೂ ಪಿಳ್ಳಮ್ಮನ ಮನಸ್ಸು ನಮ್ಮ ನಡುಮನೆಯಲ್ಲೇ ಇತ್ತು. ತೊಟ್ಟಿಲು ತೊಳೆದು ಬಿಸಿಲಿಗೂ ಇಟ್ಟಾಗಿತ್ತಂತೆ.

ಅಪ್ಪ ತಕ್ಷಣ ಬಿಚ್ಚಿಸೋಣ ಎಂದರು. ನಾನು ಮನೆ ಹಾರಿಹೋಗುವಂತೆ ಅತ್ತೆ. ಅಳು ಹಿತ್ತಲಿಗೂ ಕೇಳಿತು. ಪಿಳ್ಳಮ್ಮ ಹಿಂಬಾಗಿಲಲ್ಲಿ ನಿಂತು ಅಪ್ಪನಿಗೆ ಹೇಳಿದರು: "ಕೊಟ್ ಮ್ಯಾಕೆ ಮನೆ ನಿಮ್ದು ಸಾಮಿ. ಮಗಾನ ಅಳಿಸ್ಬ್ಯಾಡಿ."

ನಾನು ಗೆದ್ದೆ. ಬೆನ್ನು ತಣ್ಣಗಾಯಿತು.

ವಾರ ಕಳೆದು ಗೌರಿ ಬಂದಳು. ಮಧ್ಯಾಹ್ನ ಸೊಂಟಕ್ಕೆ ಕೈ ಕೊಟ್ಟುಕೊಂಡು, ತಾನು ಬೆಳೆದ ಮನೆ ನೋಡಲು ಬಂದು ಫ್ಯಾನಿನ ಕೆಳಗೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. "ನನ್ ತಮ್ಮನ್ನ ಇಲ್ಲೇ ತೂಗ್ತಿದ್ದೆ. ನಿನ್ನಷ್ಟೇ ಇದ್ದೆ ಆಗ," ಅಂದಳು. ಹಗ್ಗವನ್ನು ಕಾಲ್ಬೆರಳಿಗೆ ಕಟ್ಟಿಕೊಂಡು ಮಗ್ಗಿ ಬಾಯಿಪಾಠ ಮಾಡುತ್ತಿದ್ದುದನ್ನೂ ಹೇಳಿ ನಕ್ಕಳು. ಫ್ಯಾನ್ ತೆಗೀರಿ ಎಂದು ಮಾತ್ರ ಕೇಳಲಿಲ್ಲ. ಕೇಳಿದ್ದರೆ ಜಗಳ ಆಡುತ್ತಿದ್ದೆ. ಕೇಳದೆ ಹೋದದ್ದಕ್ಕೆ ನನಗೆ ವಿಪರೀತ ನಾಚಿಕೆಯಾಯಿತು. ಅಪ್ಪ ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ, "ಫ್ಯಾನ್ ಬಿಚ್ಚಿಸಿಬಿಡಿ ಅಪ್ಪ" ಅಂದೆ.

ಹೆಣ್ಣುಮಗು ಹುಟ್ಟಿತು. ನಾಮಕರಣದ ದಿನ ನಮ್ಮ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಸಾಂಬ್ರಾಣಿ ಹೊಗೆ, ಮಲ್ಲಿಗೆ, ಶ್ಯಾವಿಗೆ ಪಾಯಸ. ಪಿಳ್ಳಮ್ಮ ಅಷ್ಟು ಜನ ಹೆಂಗಸರನ್ನು ಸರಿಸಿ, ಮೂಲೆಯಲ್ಲಿದ್ದ ನನ್ನನ್ನು ಎಳೆದು ಹಗ್ಗ ಕೈಗಿಟ್ಟರು. "ಮೊದ್ಲು ನೀನ್ ತೂಗವ್ವ."

ಉಳಿದ ಬೇಸಿಗೆ ರಜೆಯಿಡೀ ಆ ಮಗು ಹಗಲೆಲ್ಲ ನಮ್ಮ ಮನೆಯಲ್ಲೇ ಮಲಗಿತು. ಫ್ಯಾನು ಡಬ್ಬದೊಳಗೆ, ಮಂಚದ ಕೆಳಗೆ. ನನ್ನ ಬೆನ್ನು ಮತ್ತೆ ಉರಿಯಿತು, ಅಮ್ಮ ಮತ್ತೆ ಗಂಧ ತೇದಳು. ಬಾಣಂತಿಗೆ ಮಾಡಿದ ಮೆಣಸು ಸಾರಿನಲ್ಲಿ ನನಗೂ ಒಂದು ಲೋಟ ಬರುತ್ತಿತ್ತು. ಗೌರಿ ಮಗುವಿನೊಂದಿಗೆ ಹೊರಟ ಮೇಲೆ ಫ್ಯಾನ್ ಮತ್ತೆ ಮೇಲೇರಿತು. ಆಗ ಜಡಿಮಳೆ ಹಿಡಿದು, ನಾವೆಲ್ಲ ಸ್ವೆಟರ್ ಹಾಕಿಕೊಂಡಿದ್ದೆವು.

ಈಗ ಜೆಪಿ ನಗರದ ಫ್ಲಾಟಿನಲ್ಲಿದ್ದೇನೆ. ಕಳೆದ ತಿಂಗಳು ಮಕ್ಕಳ ಕೋಣೆಗೆ ಹೊಸ ಫ್ಯಾನ್ ಹಾಕಿಸಿದೆ. ಬಂದವನು ಮೆಷಿನ್ನಿನಲ್ಲಿ ತೂತು ಕೊರೆದು ಹತ್ತೇ ನಿಮಿಷದಲ್ಲಿ ಮುಗಿಸಿ ಹೋದ. ಎದುರು ಫ್ಲಾಟಿನಲ್ಲಿ ಮಗು ಹುಟ್ಟಿದ್ದು ನನಗೆ ತಿಳಿದದ್ದು, ಅದು ಲಿಫ್ಟಿನಲ್ಲಿ ತನ್ನ ಕಾಲ ಮೇಲೆ ನಿಂತು ನನಗೆ ಟಾಟಾ ಮಾಡಿದಾಗ. ನಮ್ಮ ಮನೆಯಲ್ಲಿ ಐದು ಫ್ಯಾನ್‌ಗಳಿವೆ. ಯಾರಿಗೋಸ್ಕರವೂ ಒಂದನ್ನೂ ಬಿಚ್ಚಬೇಕಾಗಿ ಬಂದಿಲ್ಲ.